ಗುರುತು ಸಿಗದ ತಮ್ಮ

1

ಎಲ್ಲಿಂದ ಶುರು ಮಾಡಲಿ ಹೇಳಿ. ರಕ್ತದಿಂದಲೋ, ನಾಯಿಯಿಂದಲೋ?

ಮೊದಲ ಕರಡು ಹೀಗಿತ್ತು: "ಕೋಟೆಯ ಬಾಗಿಲಲ್ಲಿ ಕಹಳೆ ಮೊಳಗಿತು. ಬಿಳಿ ಸಮವಸ್ತ್ರದ ಯೋಧರು ನರನಾಡಿಗಳ ಬೀದಿಗಳಿಗೆ ನುಗ್ಗಿದರು." ಓದಿ ನನಗೇ ನಗು ಬಂತು. ಶಾಲೆಯ ವಿಜ್ಞಾನ ಪಾಠಕ್ಕೆ ಯಾರೋ ಮೀಸೆ ಅಂಟಿಸಿದ ಹಾಗಿತ್ತು. ಹರಿದು ಬಿಸಾಡಿದೆ. (ಹರಿಯಲು ಕಾಗದವೇ ಇರಲಿಲ್ಲ, ಒಂದು ಗುಂಡಿ ಒತ್ತಿ ಅಳಿಸಿದೆ. ಹರಿದೆ ಅಂದರೆ ಸ್ವಲ್ಪ ಗತ್ತು ಇರುತ್ತದಲ್ಲ, ಅದಕ್ಕೆ ಹಾಗಂದೆ.)

ಎರಡನೆಯ ಕರಡಿನಲ್ಲಿ ಒಂದು ಜೀವಕೋಶವೇ ಮಾತಾಡುತ್ತಿತ್ತು. "ನಾನು ಅವಳ ಮೂಳೆಯೊಳಗೆ ಹುಟ್ಟಿದವನು" ಎಂದು ಶುರುವಾದದ್ದು ಎರಡೇ ಪುಟದಲ್ಲಿ ಜನ್ಮ, ಮರಣ, ಬ್ರಹ್ಮಾಂಡ ಅಂತ ಹೊರಟಿತು. ವೇದಾಂತ ಹೇಳುವ ಜೀವಕೋಶದಷ್ಟು ತಲೆನೋವಿನ ಪ್ರಾಣಿ ಇನ್ನೊಂದಿಲ್ಲ. ಅದನ್ನೂ ಅಳಿಸಿದೆ.

ಆಗ ಅಕ್ಕ ಬಂದಳು. ನನ್ನ ಅಕ್ಕನಲ್ಲ, ಈ ಕಥೆಯ ಅಕ್ಕ. ಕಾವಲು ನಾಯಿಗಳನ್ನು ಪಳಗಿಸಿ ಮನೆಗಳಿಗೆ, ಗೋದಾಮುಗಳಿಗೆ ಕೊಡುವುದು ಅವಳ ಕಸುಬು. ಮುಂಗೈಯಲ್ಲಿ ಹಳೆಯ ಹಲ್ಲಿನ ಗುರುತುಗಳಿವೆ. ನನ್ನ ಎದುರು ಕೂತಳು, ನಾನು ಬರೆದದ್ದನ್ನು ಓದಿದಳು, ಮೂಗು ಮುರಿದಳು.

"ನನ್ನ ತಮ್ಮನ ಮೈಯನ್ನ ಯುದ್ಧಭೂಮಿ ಮಾಡಬೇಡಿ. ಅವನು ಅಲ್ಲಿ ಮಲಗಿದ್ದಾನೆ. ಬಾಯೆಲ್ಲ ಹುಣ್ಣು, ನೀರು ನುಂಗಕ್ಕೆ ಆಗ್ತಿಲ್ಲ. ಅದನ್ನ ಮೊದಲು ಬರೀರಿ."

ಬರೆದೆ. ತಮ್ಮ ಮಲಗಿದ್ದಾನೆ. ಬಾಯೆಲ್ಲ ಹುಣ್ಣು.

2

ತಮ್ಮನದು ಕ್ಷೌರದ ಅಂಗಡಿ. ಎರಡು ಕುರ್ಚಿ, ಗೋಡೆಯುದ್ದದ ಒಂದು ಕನ್ನಡಿ. ಕೈಗಿಂತ ಬಾಯಿ ಚುರುಕು ಎಂದು ಗಿರಾಕಿಗಳು ಹೇಳುತ್ತಿದ್ದರು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನಿಂದ ಸುರಿದ ರಕ್ತ ನಿಲ್ಲಲಿಲ್ಲ. ತೊಡೆಯ ಮೇಲೆ, ಎಲ್ಲೂ ತಾಗಿಸಿಕೊಳ್ಳದೆಯೇ ನೀಲಿ ಕಲೆಗಳು ಎದ್ದಿದ್ದವು. ರಕ್ತದ ಕ್ಯಾನ್ಸರ್ ಎಂದರು.

ಔಷಧಿ ಶುರುವಾಗುವ ಮುಂಚೆ ಅವನು ತನ್ನದೇ ಅಂಗಡಿಯಲ್ಲಿ, ಗಿರಾಕಿಯ ಕುರ್ಚಿಯಲ್ಲಿ ಕೂತು, ಕನ್ನಡಿ ನೋಡಿಕೊಂಡು ತನ್ನ ತಲೆ ತಾನೇ ಬೋಳಿಸಿಕೊಂಡ. ಅಕ್ಕ ಪಕ್ಕದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು.

"ಇಷ್ಟು ನಯವಾಗಿ ಹೊಡೆದರೂ ಈ ಗಿರಾಕಿ ಒಂದು ಒಳ್ಳೇ ಮಾತು ಆಡಲಿಲ್ಲ ನೋಡಕ್ಕಾ," ಎಂದ. ಅವಳು ನಕ್ಕಳು. ನಗದಿದ್ದರೆ ಅವನಿಗೆ ಕಷ್ಟವಾಗುತ್ತಿತ್ತು, ಅದಕ್ಕೆ ನಕ್ಕಳು.

ಒಂದು ಸುತ್ತು ಔಷಧಿಗೆ ರೋಗ ಅಡಗಿತು, ಮತ್ತೆ ತಲೆಯೆತ್ತಿತು. ಇನ್ನುಳಿದದ್ದು ಒಂದೇ ದಾರಿ. ಅವನ ಮೂಳೆಯೊಳಗಿನ ಮಜ್ಜೆಯನ್ನು, ಅಂದರೆ ರಕ್ತ ಹುಟ್ಟುವ ಜಾಗವನ್ನು, ಪೂರ್ತಿ ಸುಟ್ಟು ಬೇರೆಯವರ ಬೀಜಕೋಶ (ಸ್ಟೆಮ್ ಸೆಲ್) ಬಿತ್ತಬೇಕು. ಅಕ್ಕನದು ಹೊಂದಿತು. ಮ್ಯಾಚ್ ಆಗಿದೆ ಎಂದು ಡಾಕ್ಟರಮ್ಮ ಫೋನು ಮಾಡಿದಾಗ ಅವಳು ನಾಯಿಗಳ ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತಳು. ನಾಯಿಗಳು ಸುತ್ತ ನೆರೆದು ಅವಳ ಕಿವಿ ನೆಕ್ಕಿದವು. ಅಂಥ ಖುಷಿ ಅವಳ ಜೀವನದಲ್ಲಿ ಮತ್ತೆ ಬರಲಿಲ್ಲ.

("ಮತ್ತೆ ಬರಲಿಲ್ಲ ಅಂತ ಈಗಲೇ ಹೇಗೆ ಬರೀತೀರಿ? ಕಥೆ ಮುಗಿದಿದೆಯಾ?" ಎಂದು ಅಕ್ಕ ಕೇಳಿದಳು. ಸರಿ, ಹೊಡೆದು ಹಾಕಿದ್ದೇನೆ. ಆ ವಾಕ್ಯವನ್ನು ನೀವು ಓದಿಲ್ಲ ಅಂದುಕೊಳ್ಳಿ.)

3

ಇಲ್ಲಿ ಸ್ವಲ್ಪ ಪಾಠ. ಬೇಡದವರು ಹಾರಿಸಿ ಓದಬಹುದು. ಆದರೆ ಆಮೇಲೆ ಅಕ್ಕ ಯಾಕೆ ಅಷ್ಟು ನೊಂದಳು ಎಂದು ನನ್ನನ್ನು ಕೇಳಬೇಡಿ.

ಎದೆಮೂಳೆಯ ಹಿಂದೆ ಥೈಮಸ್ ಎಂಬ ಒಂದು ಸಣ್ಣ ಗ್ರಂಥಿ ಇದೆ. ಮಜ್ಜೆಯಲ್ಲಿ ಹುಟ್ಟಿದ ಕೆಲವು ಬಿಳಿ ರಕ್ತಕಣಗಳು ಕಲಿಯಲು ಅಲ್ಲಿಗೆ ಹೋಗುತ್ತವೆ. ಅಲ್ಲಿ ಅವುಗಳ ಮುಂದೆ ಆ ಮೈಯದೇ ಚೂರುಪಾರುಗಳನ್ನು ಹಿಡಿಯಲಾಗುತ್ತದೆ. ಯಾವುದನ್ನೂ ಗುರುತಿಸಲಾರದ ಕಣ ದಂಡ, ಅದು ಸಾಯುತ್ತದೆ. ಸ್ವಂತ ಮೈಯನ್ನೇ ಕಚ್ಚಲು ಹೋದ ಕಣ ಅಪಾಯ, ಹೆಚ್ಚಾಗಿ ಅದನ್ನೂ ಸಾಯಿಸಲಾಗುತ್ತದೆ. ಒಳಗೆ ಹೋದವುಗಳಲ್ಲಿ ಬಹುಪಾಲು ಹೊರಗೆ ಬರುವುದೇ ಇಲ್ಲ. ಬಂದ ಕೆಲವೇ ಕೆಲವಕ್ಕೆ ಒಂದು ವಿದ್ಯೆ ಮಾತ್ರ ಚೆನ್ನಾಗಿ ಗೊತ್ತು: ಯಾರು ನಮ್ಮವರು, ಯಾರು ಅಲ್ಲ.

ಡಾಕ್ಟರಮ್ಮ ಇದನ್ನು ಹೇಳಿದಾಗ ಅಕ್ಕನ ಮುಖ ಅರಳಿತು. "ನಮ್ಮಲ್ಲೂ ಹೀಗೇ ಡಾಕ್ಟರೇ. ಆದರೆ ನಾನು ಕಚ್ಚೋ ನಾಯೀನ ಸಾಯಿಸಲ್ಲ, ಮತ್ತೆ ಕಲಿಸ್ತೀನಿ."

ಅವಳು ಕಲಿಸುವ ರೀತಿ ಬೇರೆ ಯಾರಲ್ಲೂ ಇಲ್ಲ. ನಾಯಿ ಯಾವ ಮನೆಗೆ ಹೋಗಲಿದೆಯೋ ಆ ಮನೆಯವರು ತೊಟ್ಟು ಬಿಟ್ಟ ಬಟ್ಟೆಯನ್ನು ತರಿಸಿ, ನಾಯಿ ಮಲಗುವ ಹುಲ್ಲಿನ ಮೇಲೆ ಹಾಸುತ್ತಾಳೆ. ಒಗೆದ ಬಟ್ಟೆ ಆಗದು. ಆಮೇಲೆ ಆ ಮನೆಯವರನ್ನು ಒಬ್ಬೊಬ್ಬರನ್ನಾಗಿ ಕರೆಸಿ, ಅವರ ಹೆಗಲ ಮೇಲೆ ಕೈಯಿಟ್ಟು, ನಾಯಿಯ ಕಣ್ಣು ನೋಡಿ, ತಗ್ಗಿದ ದನಿಯಲ್ಲಿ "ನಮ್ಮೋರು" ಎನ್ನುತ್ತಾಳೆ. ಮತ್ತೆ ಮತ್ತೆ ಅನ್ನುತ್ತಾಳೆ. ನಾಯಿಯ ಕಿವಿ ಬೀಳುವ ತನಕ, ಬಾಲ ಸಡಿಲವಾಗುವ ತನಕ ಬಿಡುವುದಿಲ್ಲ. ನಾಯಿ ಹೊಸ ಮನೆಗೆ ಹೊರಟಾಗ ಅದರ ಜೊತೆ ತನ್ನದೊಂದು ಹಳೆಯ ಬಟ್ಟೆಯ ತುಂಡನ್ನೂ ಕಳಿಸುತ್ತಾಳೆ. ಹೊಸ ಜಾಗದಲ್ಲಿ ನಾಯಿ ಕಚ್ಚುವುದು ಸಿಟ್ಟಿನಿಂದಲ್ಲ, ಹೆದರಿಕೆಯಿಂದ ಎನ್ನುವುದು ಅವಳ ಅನುಭವ. ಹಳೆಯ ಮನೆಯ ವಾಸನೆ ಮೂಗಿಗೆ ಬಡಿಯುತ್ತಿದ್ದರೆ ಅದು ಸುಮ್ಮನಾಗುತ್ತದೆ.

ಬಟ್ಟೆಯ ವಿಷಯ ನೆನಪಿಟ್ಟುಕೊಳ್ಳಿ. ಕಥೆ ಎಡವುವುದು ಅಲ್ಲೇ.

4

ಬೀಜಕೋಶಗಳನ್ನು ಮಜ್ಜೆಯಿಂದ ರಕ್ತಕ್ಕಿಳಿಸಲು ಅಕ್ಕನಿಗೆ ದಿನವೂ ಇಂಜೆಕ್ಷನ್ ಕೊಟ್ಟರು. ಸೊಂಟ, ಬೆನ್ನು, ಎದೆಮೂಳೆ ಎಲ್ಲ ಒಳಗಿಂದ ಒದೆಯುತ್ತಿದ್ದ ಹಾಗೆ ನೋವು. ಆ ದಿನಗಳಲ್ಲಿ ಅವಳು ತಮ್ಮನ ಅಂಗಡಿಯ ಏಪ್ರನ್ ತಂದು ಅದನ್ನು ಅವುಚಿಕೊಂಡು ಮಲಗಿದಳು. ತನ್ನ ಕಣಗಳು ಅವನ ಗುರುತು ಹಿಡಿಯಲಿ ಎಂದು. ಯಾರಾದರೂ ಕೇಳಿದ್ದರೆ "ಹುಚ್ಚಾ ನಂಗೆ?" ಅನ್ನುತ್ತಿದ್ದಳು. ಯಾರೂ ಕೇಳಲಿಲ್ಲ.

ಅವಳ ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಬೇಕಾದ್ದು ಸೋಸಿ, ಉಳಿದದ್ದು ಇನ್ನೊಂದು ತೋಳಿಗೆ ವಾಪಸು ಬಂತು. ಕೂಡಿದ್ದು ಒಂದು ಸಣ್ಣ ಚೀಲ, ಟೊಮೇಟೊ ಸಾರಿನ ಬಣ್ಣದ್ದು. ಅದನ್ನು ತಮ್ಮನ ಕೋಣೆಯಲ್ಲಿ ತೂಗುಹಾಕಿ ಅವನ ನರಕ್ಕೆ ಬಿಟ್ಟರು. ಬೋಳು ತಲೆ, ಒಡೆದ ತುಟಿ, ಆದರೂ ಅವನು ಕಣ್ಣು ಹೊಡೆದ.

"ಅಕ್ಕಾ, ಇನ್ಮೇಲೆ ನಾಯಿಗಳೆಲ್ಲ ನನ್ನ ಮಾತೂ ಕೇಳ್ತಾವೇನೇ?"

ಕಣಗಳು ನೆಲೆಯಾದವು. ರಿಪೋರ್ಟಿನಲ್ಲಿ ಬಿಳಿ ಕಣಗಳ ಸಂಖ್ಯೆ ಏರತೊಡಗಿತು. ಹಿರಿಯ ನರ್ಸು, ನಗುವುದೇ ಗೊತ್ತಿಲ್ಲದವರಂತಿದ್ದವರು, ಬಾಗಿಲ ಗಾಜಿನಾಚೆಯಿಂದ ಹೆಬ್ಬೆರಳೆತ್ತಿ ತೋರಿಸಿದರು. ಕಥೆಯನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು. ನೀವೂ ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಿದ್ದಿರಿ.

4 (ಮತ್ತೆ)

ಮೊದಲು ಅಂಗೈ ಕೆಂಪಾಯಿತು. ಆಮೇಲೆ ಅಂಗಾಲು, ಕಿವಿ. ಉರಿ ಎಂದರೆ ಉರಿ. ಆಮೇಲೆ ಹೊಟ್ಟೆ ಕೆಟ್ಟಿತು, ಹಸಿರು ನೀರು ನೀರಾಗಿ, ನಿಲ್ಲದ ಹಾಗೆ. ಮಂಚದಿಂದ ಶೌಚಕ್ಕೆ ನಾಲ್ಕು ಹೆಜ್ಜೆ, ಅದನ್ನೂ ಅವನು ದಾಟಲಾರದೆ ಹೋದ. ಗಿರಾಕಿಗಳನ್ನು ನಗಿಸುತ್ತಿದ್ದವನು ನರ್ಸು ಮೈ ಒರೆಸುವಾಗ ಗೋಡೆಗೆ ಮುಖ ತಿರುಗಿಸಿಕೊಳ್ಳುತ್ತಿದ್ದ.

ಡಾಕ್ಟರಮ್ಮ ಅಕ್ಕನನ್ನು ಹೊರಗೆ ಕರೆದು ಕೂರಿಸಿದರು. "ನಿಮ್ಮ ಕಣಗಳು ಚೆನ್ನಾಗಿ ಬೆಳೀತಿವೆ. ತೊಂದರೆ ಏನಂದ್ರೆ, ಅವು ನಿಮ್ಮ ತಮ್ಮನ ಚರ್ಮ, ಕರುಳು ನೋಡಿ ಇದು ನಮ್ಮದಲ್ಲ ಅಂತಿವೆ. ಅದನ್ನ ಹೊಡೀತಿವೆ."

"ಒಂದೇ ಹೊಟ್ಟೇಲಿ ಹುಟ್ಟಿದೋರು ನಾವು."

"ಹೌದು. ದೊಡ್ಡ ಗುರುತುಗಳೆಲ್ಲ ಹೊಂದಿವೆ. ಆದರೆ ನೂರಾರು ಸಣ್ಣ ಗುರುತುಗಳಿರ್ತಾವೆ. ಅವು ಕಲ್ತದ್ದು ನಿಮ್ಮ ಮೈಯಲ್ಲಿ. ಅವಕ್ಕೆ ನೀವು ಮಾತ್ರ ಗೊತ್ತು."

ಅಕ್ಕ ತನ್ನ ಮುಂಗೈಯ ಹಳೆಯ ಕಲೆಗಳನ್ನು ನೋಡುತ್ತಾ ಕೂತಳು. ಆ ಕಣಗಳು ತಪ್ಪು ಮಾಡಿರಲಿಲ್ಲ. ಅವು ನಿಯತ್ತಿನವು, ಅವಳಿಗೆ ನಿಯತ್ತಿನವು, ಅದಕ್ಕೇ ಅವಳ ತಮ್ಮನ ಕರುಳನ್ನು ಹರಿಯುತ್ತಿದ್ದವು.

ಸ್ಟೀರಾಯ್ಡ್ ಕೊಟ್ಟು ಆ ಕಣಗಳನ್ನು ಮಂಕು ಮಾಡುತ್ತೇವೆ ಎಂದರು ಡಾಕ್ಟರಮ್ಮ. ಅಕ್ಕ ಕೂಡಲೇ ಕೇಳಿದಳು, "ನಾಯಿಗೆ ನಿದ್ದೆ ಮಾತ್ರೆ ಹಾಕಿದ ಹಾಗಾ? ಆಗ ಕಳ್ಳ ಬಂದರೆ?"

"ಕಳ್ಳ ಬರಬಾರದು," ಎಂದರು ಡಾಕ್ಟರಮ್ಮ. "ಅದಕ್ಕೇ ಆ ಕೋಣೆಗೆ ಸೋಸಿದ ಗಾಳಿ. ಅದಕ್ಕೇ ಹೂವು ಬೇಡ, ಹಣ್ಣು ಬೇಡ, ಹೊರಗಿನದೇನೂ ಬೇಡ ಅನ್ನೋದು."

5

ಇನ್ನು ಅಂಗಿ. ಇದನ್ನು ಬರೆಯುವಾಗ ಅಕ್ಕನಿಗೂ ನನಗೂ ಜಗಳವೇ ಆಯಿತು, ಇದ್ದದ್ದನ್ನು ಇದ್ದ ಹಾಗೆ ಕೊಡುತ್ತೇನೆ.

ನಾನು ಬರೆದದ್ದು: ನಾಯಿಗಳ ಕೊಟ್ಟಿಗೆಯ ಗೂಟದಲ್ಲಿ ಅವಳ ಕೆಲಸದ ಅಂಗಿ ತೂಗುತ್ತಿತ್ತು. ಬೆವರು, ಹುಲ್ಲಿನ ಧೂಳು, ನಾಯಿಗಳ ಮೈವಾಸನೆ ಎಲ್ಲ ಅದರಲ್ಲಿ ಕೂತಿತ್ತು. ಅವಳು ಅದನ್ನು ಮಡಚಿ ಹೊಟ್ಟೆಗೆ ಕಟ್ಟಿಕೊಂಡಳು. ಆಸ್ಪತ್ರೆಯಲ್ಲಿ ಕೈ ತೊಳೆದಳು, ಟೋಪಿ, ಮಾಸ್ಕು, ಕೈಗವಸು ಹಾಕಿದಳು, ಎಲ್ಲದರ ಮೇಲೆ ಹಸಿರು ಗೌನು ತೊಟ್ಟಳು. ಹಿರಿಯ ನರ್ಸು ಅವಳ ಚೀಲ ನೋಡಿದರು, ಗೌನಿನ ಒಳಗೆ ನೋಡಲಿಲ್ಲ. ತಮ್ಮನ ಕೋಣೆಯಲ್ಲಿ ಅವಳು ಅಂಗಿ ತೆಗೆದು ಅವನ ಹೊದಿಕೆಯ ಕೆಳಗೆ, ಹೊಟ್ಟೆಯ ಮೇಲೆ ಹಾಸಿದಳು.

"ಒಗೆದಿದ್ದಳು ಅಂತ ಬರೀರಿ," ಎಂದಳು ಅಕ್ಕ.

"ಒಗೆದರೆ ವಾಸನೆ ಹೋಗುತ್ತಲ್ಲ. ಮತ್ತೆ ತರುವುದಾದರೂ ಯಾಕೆ?"

"ಹಂಗಾದ್ರೆ ತರಲೇ ಇಲ್ಲ ಅಂತ ಬರೀರಿ. ನಿಮ್ಮ ಕೈಲೇ ಇದೆಯಲ್ಲ. ಒಂದು ಗುಂಡಿ ಒತ್ತಿದರೆ ಆಯ್ತು. ಕಹಳೆ ಅಳಿಸಿದಿರಿ, ಮಾತಾಡೋ ಜೀವಕೋಶ ಅಳಿಸಿದಿರಿ, ಒಂದು ಅಂಗಿ ಅಳಿಸಕ್ಕಾಗಲ್ವಾ?"

ಅಳಿಸಿ ನೋಡಿದೆ. ನಿಜ ಹೇಳುತ್ತೇನೆ, ಅಂಗಿಯಿಲ್ಲದ ಅಕ್ಕ ಅಕ್ಕನಾಗಿರಲಿಲ್ಲ. ಗಾಜಿನಾಚೆ ಕೈಕಟ್ಟಿ ನಿಂತು, ಹೇಳಿದ್ದನ್ನೆಲ್ಲ ಪಾಲಿಸುವ ಯಾರೋ ಒಬ್ಬ ಹೆಂಗಸು. ಆ ಹೆಂಗಸು ನನಗೆ ಗೊತ್ತಿಲ್ಲ. ಅಂಗಿಯನ್ನು ವಾಪಸು ತಂದೆ.

"ನಿಮ್ಮ ಕಥೆಗೋಸ್ಕರ ನನ್ನ ತಮ್ಮ," ಎಂದು ಶುರು ಮಾಡಿ ಅವಳು ಮಾತು ಬದಲಿಸಿದಳು. "ಅವನಿಗೆ ಆವತ್ತು ಹೊಟ್ಟೆ ತಣ್ಣಗಾಯ್ತು. ಅದನ್ನಾದರೂ ಬರೀರಿ," ಎಂದಳು.

ಆದದ್ದು ಹೌದು. ಆವತ್ತು ಭೇದಿ ಕೊಂಚ ನಿಂತಿತು. "ಅಕ್ಕಾ, ನಿನ್ನ ನಾಯಿಗಳು ಮಲಗಿದವು ಕಣೇ," ಎಂದ ತಮ್ಮ. ಸ್ಟೀರಾಯ್ಡ್ ನಾಟುವ ಹೊತ್ತೂ ಅದೇ ಆಗಿತ್ತು. ಆದರೆ ಅವರಿಬ್ಬರೂ ಅಂಗಿಯನ್ನೇ ನಂಬಿದರು. ನರ್ಸು ಹೊದಿಕೆ ಬದಲಿಸಲು ಬಂದಾಗಲೆಲ್ಲ ಅವನು ಅದರ ಮೇಲೆ ಕೂತು, ಸೊಂಟ ನೋವು, ಎತ್ತಬೇಡಿ ಎಂದು ಮುಖ ಕಿವುಚುತ್ತಿದ್ದ. ಎಷ್ಟೋ ದಿನದ ಮೇಲೆ ಅಕ್ಕತಮ್ಮ ಇಬ್ಬರೂ ಸೇರಿ ಒಂದು ಕಿತಾಪತಿ ಮಾಡಿದ್ದರು. ಇಬ್ಬರ ಮುಖದಲ್ಲೂ ಕಳೆ ಬಂದಿತ್ತು.

6

ಜ್ವರ ಬಂತು. ಆಮೇಲೆ ಒಣ ಕೆಮ್ಮು, ಕೆಮ್ಮಿದಾಗ ಎದೆಯ ಎಡಗಡೆ ಚುಚ್ಚುವ ನೋವು, ಟಿಶ್ಯೂ ಕಾಗದದ ಮೇಲೆ ರಕ್ತದ ಎಳೆ. ಸ್ಕ್ಯಾನಿನಲ್ಲಿ ಶ್ವಾಸಕೋಶದೊಳಗೆ ದುಂಡನೆಯ ಬಿಳಿ ಮಚ್ಚೆಗಳು. ಬೂಷ್ಟು ಎಂದರು ಡಾಕ್ಟರಮ್ಮ. ಹಳೆಯ ರೊಟ್ಟಿಯ ಮೇಲೆ, ಒದ್ದೆ ಗೋಡೆಯ ಮೇಲೆ, ಹುಲ್ಲಿನ ಬಣವೆಯಲ್ಲಿ ಬೆಳೆಯುವ ಬೂಷ್ಟಿನ ಜಾತಿಯದು. ನಿಮ್ಮ ನನ್ನ ಶ್ವಾಸಕೋಶಕ್ಕೆ ಅದರ ಬೀಜ ದಿನವೂ ಹೋಗುತ್ತದೆ, ನಮ್ಮ ಕಣಗಳು ಸದ್ದಿಲ್ಲದೆ ತಿಂದು ಮುಗಿಸುತ್ತವೆ. ಅವನ ಕಣಗಳಿಗೆ ನಿದ್ದೆ ಹತ್ತಿಸಿಯಾಗಿತ್ತು.

ಡಾಕ್ಟರಮ್ಮ ಮಂಚದ ಪಕ್ಕ ನಿಂತು ಅಕ್ಕನನ್ನೇ ಕೇಳಿದರು. "ಹೊರಗಿಂದ ಏನಾದರೂ ತಂದಿದ್ರಾ? ಬಯ್ಯಲ್ಲ. ಯಾವ ಥರದ ಬೂಷ್ಟು ಅಂತ ಗೊತ್ತಾದರೆ ಸರಿಯಾದ ಔಷಧಿ ಬೇಗ ಹಾಕಬಹುದು. ಪರೀಕ್ಷೆಗೆ ಕಾಯೋಷ್ಟು ಟೈಮ್ ಇಲ್ಲ."

ಡಾಕ್ಟರಮ್ಮನ ಬೆನ್ನ ಹಿಂದೆ ತಮ್ಮ ತಲೆಯಲ್ಲಾಡಿಸಿದ. ಬೇಡ, ಹೇಳಬೇಡ. ಅಂಗಿ ಅವನ ಕೆಳಗೇ ಇತ್ತು. ಹೇಳಿದರೆ ಅಕ್ಕನನ್ನು ಮತ್ತೆ ಒಳಗೆ ಬಿಡುವುದಿಲ್ಲ ಎಂಬುದೊಂದೇ ಅವನ ತಲೆಯಲ್ಲಿದ್ದದ್ದು. ಸಾವಿಗಿಂತ ಅವನಿಗೆ ಆ ಕೋಣೆಯಲ್ಲಿ ಒಬ್ಬನೇ ಉಳಿಯುವುದರ ಭಯ.

ಅಕ್ಕ ಅವನ ಹೊದಿಕೆಯ ಅಂಚು ಹಿಡಿದಳು.

7: ಕೊನೆಗಳು

ಇಲ್ಲಿ ನಾನು ಮೂರು ಕೊನೆ ಬರೆದೆ.

ಒಂದರಲ್ಲಿ ತಮ್ಮ ಅಂಗಡಿಗೆ ಮರಳುತ್ತಾನೆ. ರಕ್ತದ ಗುಂಪು ಕೂಡ ಅಕ್ಕನದೇ ಆಗಿದೆ. ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತಾ, "ನನ್ನೊಳಗೆ ಹರಿಯೋದು ಹೆಂಗಸಿನ ರಕ್ತ ಸ್ವಾಮಿ, ಹುಷಾರಾಗಿ ಮಾತಾಡಿ," ಎನ್ನುತ್ತಾನೆ. ಅಕ್ಕ ಇದನ್ನು ಮತ್ತೆ ಮತ್ತೆ ಓದಿದಳು. ಆಮೇಲೆ, "ಇದನ್ನ ಬರೆದು ನಂಬಿಸಿ, ಆಮೇಲೆ ಅಲ್ಲಿ ಬೇರೇನೋ ಆದರೆ ನಾನು ಏನು ಮಾಡಲಿ? ಬೇಡ," ಎಂದಳು.

ಇನ್ನೊಂದರಲ್ಲಿ ಅವನು ಸಾಯುತ್ತಾನೆ. ಅವನೊಳಗೆ ಮನೆ ಮಾಡಿದ್ದ ಅವಳ ಕಣಗಳೂ, ನಿದ್ದೆಯಲ್ಲಿದ್ದವು, ಎದ್ದವು, ಎಲ್ಲವೂ ಅವನ ಜೊತೆ ತಣ್ಣಗಾಗುತ್ತವೆ. ಬದುಕಿರುವಾಗಲೇ ತನ್ನದೇ ರಕ್ತಕ್ಕೆ ಅವಳು ಮಣ್ಣು ಹಾಕುತ್ತಾಳೆ. (ಬರೆದು ಮುಗಿಸಿ ಚೆನ್ನಾಗಿದೆ ಅಂತ ಬೆನ್ನು ತಟ್ಟಿಕೊಂಡೆ. ನಾಚಿಕೆ ಇಲ್ಲದ ಜಾತಿ ನಮ್ಮದು.) ಇದನ್ನು ಅವಳು ಓದಲೇ ಇಲ್ಲ. ಪರದೆಯಿಂದ ಮುಖ ತಿರುಗಿಸಿಕೊಂಡಳು.

ಮೂರನೆಯದರಲ್ಲಿ ಅವಳು ಡಾಕ್ಟರಮ್ಮನಿಗೆ ಏನೂ ಹೇಳುವುದಿಲ್ಲ.

ಇದನ್ನು ಓದಿ ಎದ್ದು ನಿಂತಳು. "ಇದು ನಾನಲ್ಲ," ಎಂದಳು. ನಾನು ಇನ್ನೂ ಅಳಿಸುವ ಗುಂಡಿ ಹುಡುಕುತ್ತಿರುವಾಗಲೇ ಕಥೆಯೊಳಕ್ಕೆ ಹೋಗಿಬಿಟ್ಟಳು.

6 (ಮುಂದುವರಿದು)

ಅವಳು ತಮ್ಮನ ಸೊಂಟದ ಕೆಳಗೆ ಕೈ ಹಾಕಿ ಅಂಗಿಯನ್ನು ಎಳೆದಳು.

"ಅಕ್ಕಾ, ಬೇಡ್ವೇ," ಎಂದ ಅವನು. ಹಿಡಿದುಕೊಳ್ಳಲು ಅವನ ಕೈಯಲ್ಲಿ ಬಲವಿರಲಿಲ್ಲ.

"ನಾನು ತಂದದ್ದು ಡಾಕ್ಟರೇ. ನಾಯಿ ಕೊಟ್ಟಿಗೆಯದು. ಒಗೆದಿಲ್ಲ. ಹುಲ್ಲಿನ ಧೂಳಿದೆ." ಅಂಗಿಯನ್ನು ಮುಂದೆ ಚಾಚಿದಳು.

ಹಿರಿಯ ನರ್ಸು ಎರಡು ಬೆರಳಲ್ಲಿ ಅಂಗಿಯನ್ನು ಹಿಡಿದು ಚೀಲಕ್ಕೆ ಹಾಕಿ, ಅದರ ಬಾಯಿ ಕಟ್ಟಿ, ಲ್ಯಾಬಿಗೆ ಕಳಿಸಿದರು. ಬಯ್ಯದಿದ್ದದ್ದೇ ಹೆಚ್ಚು ಚುಚ್ಚಿತು. ಡಾಕ್ಟರಮ್ಮ ಅಲ್ಲೇ ಔಷಧಿ ಬದಲಿಸಿದರು. ಆಮೇಲೆ ಹೊರಗೆ ಬಂದು ಅಕ್ಕನ ಪಕ್ಕ ಕೂತರು.

"ಬಂದಿದ್ದು ಆ ಅಂಗಿಯಿಂದಲೇ ಅಂತ ನಾನು ಹೇಳಲಾರೆ. ಮೇಲಿನ ಮಹಡೀಲಿ ಗೋಡೆ ಒಡೀತಿದ್ದಾರೆ, ಅಲ್ಲಿಂದಲೂ ಬಂದಿರಬಹುದು. ಮೊದಲೇ ಅವನ ಮೂಗಲ್ಲೇ ಇದ್ದಿರಬಹುದು. ಅಲ್ಲ ಅಂತಲೂ ಹೇಳಲಾರೆ."

"ಯಾವಾಗ ಗೊತ್ತಾಗುತ್ತೆ?"

"ಬಹುಶಃ ಯಾವತ್ತೂ ಇಲ್ಲ." ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಔಷಧಿ ಒಂದರಿಂದಲೇ ಆಗಲ್ಲ. ಸ್ಟೀರಾಯ್ಡ್ ಇಳಿಸ್ತಿದ್ದೀನಿ. ನಿಮ್ಮ ಕಣಗಳು ಎದ್ದು ಬೂಷ್ಟಿನ ಮೇಲೆ ಬೀಳಬೇಕು. ಎದ್ದ ಮೇಲೆ ಅವು ಬೂಷ್ಟನ್ನ ಹಿಡೀತಾವೋ, ಮತ್ತೆ ಇವನನ್ನೇ ಹಿಡೀತಾವೋ, ಅದು ನಮ್ಮ ಕೈಲಿಲ್ಲ."

ಅಕ್ಕನಿಗೆ ಕೋಣೆಯ ಒಳಗೆ ಪ್ರವೇಶವಿಲ್ಲವೆಂದಾಯಿತು.

8

ಈಗ ಓದುಗರಾದ ನೀವು ಕೇಳುತ್ತೀರಿ: ಬದುಕಿದನಾ? ನೀವು ಕೇಳುವುದು ನ್ಯಾಯವೇ. ಇಷ್ಟು ದೂರ ಜೊತೆಗೆ ಬಂದಿದ್ದೀರಿ. ಆದರೆ ಅಕ್ಕ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. "ಅವನ ಸಾವು ಬರೀಬೇಡಿ, ಬದುಕೂ ಬರೀಬೇಡಿ. ಅವನು ಉಸಿರಾಡ್ತಿರುವಾಗಲೇ ಆ ಗುಂಡಿಗಳ ಮೇಲಿಂದ ಕೈ ಎತ್ತಿಬಿಡಿ. ಆಮೇಲಿಂದು ನಿಮ್ಮದಲ್ಲ."

ಹಾಗಾಗಿ ನನಗೆ ಅಪ್ಪಣೆ ಇರುವಷ್ಟನ್ನು ಹೇಳುತ್ತೇನೆ.

ಮಧ್ಯಾಹ್ನ. ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ, ಯಾರೋ ತಳ್ಳುಗಾಡಿ ತಳ್ಳುವ ಸದ್ದು. ತಮ್ಮನ ಕೋಣೆಯ ಗೋಡೆಗೆ ಒಂದು ದಪ್ಪ ಗಾಜು, ಗಾಜಿನ ಈಚೆಗೊಂದು ಆಚೆಗೊಂದು ಫೋನು. ಅಕ್ಕ ಈಚೆ ನಿಂತಿದ್ದಾಳೆ. ಒಳಗೆ ಹಿರಿಯ ನರ್ಸು ಫೋನನ್ನು ತಮ್ಮನ ಕಿವಿಗೆ ಹಿಡಿದಿದ್ದಾರೆ. ಅವನ ಮೂಗಿಗೆ ಆಮ್ಲಜನಕದ ಕೊಳವೆ, ಮುಖ ಊದಿದೆ, ಕಣ್ಣು ಮಾತ್ರ ಅವನದೇ.

"ಇವತ್ತು ಸ್ಟೀರಾಯ್ಡ್ ಇಳಿಸಿದರಂತೆ," ಎಂದಳು.

"ಹೂಂ. ಏಳ್ತಿದ್ದಾವೆ ಅನ್ಸುತ್ತೆ. ಅಂಗೈ ಉರೀತಿದೆ." ಒಂದೊಂದು ಮಾತಿಗೂ ಒಂದು ಉಸಿರು ಬೇಕಿತ್ತು. "ಅಕ್ಕಾ. ಸಿಟ್ಟಿಲ್ಲ ನಂಗೆ."

"ಗೊತ್ತು."

"ಅಂಗಿ ವಾಸನೆ ಮಾತ್ರ ಹೊಲಸಾಗಿತ್ತು."

ಅವಳು ನಕ್ಕುಬಿಟ್ಟಳು. ಗಾಜಿಗೆ ಹಣೆ ಒತ್ತಿದಳು. ಆಮೇಲೆ, ಏನನ್ನೂ ಯೋಚಿಸದೆ, "ಫೋನನ್ನ ಹೊಟ್ಟೆ ಮೇಲೆ ಇಡು," ಎಂದಳು.

ಅವನು ಯಾಕೆಂದು ಕೇಳಲಿಲ್ಲ. ನರ್ಸಿನ ಕೈಯಿಂದ ಫೋನನ್ನು ತಾನೇ ತೆಗೆದುಕೊಂಡು, ಹೊದಿಕೆ ಸರಿಸಿ, ಹೊಕ್ಕುಳ ಹತ್ತಿರ ಒತ್ತಿ ಹಿಡಿದ. ನರ್ಸು ತಡೆಯಲಿಲ್ಲ.

ಜೀವಕೋಶಕ್ಕೆ ಕಿವಿಯಿಲ್ಲ. ನನಗೆ ಗೊತ್ತು, ನರ್ಸಿಗೆ ಗೊತ್ತು, ಅಂಗಿಯ ಪ್ರಕರಣ ಆದ ಮೇಲೆ ಅಕ್ಕನಿಗೂ ಚೆನ್ನಾಗಿ ಗೊತ್ತು. ಅವಳು ಬಲಗೈಯನ್ನು ಗಾಜಿನ ಮೇಲೆ, ಆಚೆ ಅವನ ಹೆಗಲು ಕಾಣುವ ಜಾಗದಲ್ಲಿ ಇಟ್ಟಳು. ದನಿ ತಗ್ಗಿಸಿದಳು.

"ನಮ್ಮೋನು," ಎಂದಳು. "ನಮ್ಮೋನು. ನಮ್ಮೋನು."

ನಾನು ಕೈ ಎತ್ತಿದ್ದೇನೆ. ಅವಳು ಇನ್ನೂ ಹೇಳುತ್ತಿದ್ದಾಳೆ.